ಸತು ತೂಗಿ ಕರೆಂಟ್ ಬಿಲ್ ಬರೆದ ಕಾಲ

(1/7)

ಕರೆಂಟನ್ನ ತಕ್ಕಡೀಲಿ ತೂಗಿ ಮಾರ್ತಿದ್ರು ಅಂದ್ರೆ ನಂಬ್ತೀರಾ? ತಮಾಷೆ ಅಲ್ಲ. ನ್ಯೂಯಾರ್ಕಲ್ಲಿ, 1880ರ ದಶಕದಲ್ಲಿ, ತಿಂಗಳಿಗೊಂದು ಸಲ ಕಂಪನಿ ಕಡೆಯಿಂದ ಒಬ್ಬ ಮನೆಗೆ ಬಂದು, ಗೋಡೆ ಮೇಲಿನ ಪೆಟ್ಟಿಗೆ ತೆಗೆದು, ಒಳಗಿದ್ದ ಗಾಜಿನ ಜಾಡಿಯಿಂದ ಸತುವಿನ ಪ್ಲೇಟುಗಳನ್ನ ತಗೊಂಡು ಹೋಗ್ತಿದ್ದ. ಆಫೀಸಲ್ಲಿ ಅದನ್ನ ತೊಳೆದು, ಒಣಗಿಸಿ, ಅಕ್ಕಸಾಲಿಗರ ತಕ್ಕಡಿಗಿಂತ ನಾಜೂಕಾದ ತಕ್ಕಡೀಲಿ ತೂಗ್ತಿದ್ರು. ಎಷ್ಟು ಮಿಲಿಗ್ರಾಂ ವ್ಯತ್ಯಾಸ ಬಂತೋ ಅಷ್ಟಕ್ಕೆ ಬಿಲ್.

ಇದನ್ನ ಶುರು ಮಾಡಿದ್ದು ಥಾಮಸ್ ಆಲ್ವಾ ಎಡಿಸನ್. ಬಲ್ಬಿನ ಕಥೆ ಎಲ್ಲರಿಗೂ ಗೊತ್ತು, ಅದನ್ನ ಮತ್ತೆ ಹೇಳಲ್ಲ. ಬಲ್ಬ್ ಮಾಡೋದು ಅರ್ಧ ಕೆಲಸ, ಗುರು. ಉರಿಸಿದ್ದಕ್ಕೆ ದುಡ್ಡು ಕೇಳೋದು ಇನ್ನರ್ಧ. ಬಿಕಾಂ ಓದೋ ನಮಗೆ ಆ ಎರಡನೇ ಅರ್ಧ ಜಾಸ್ತಿ ಮಜಾ ಕೊಡುತ್ತೆ, ಅದಕ್ಕೇ ಈ ಸಲದ ಸರಣಿ ಅದರ ಮೇಲೆ.

1882ರ ಸೆಪ್ಟೆಂಬರ್ 4ಕ್ಕೆ ಮ್ಯಾನ್‌ಹ್ಯಾಟನ್‌ನ ಪರ್ಲ್ ಸ್ಟ್ರೀಟಲ್ಲಿ ಎಡಿಸನ್‌ನ ಪವರ್ ಸ್ಟೇಷನ್ ಚಾಲೂ ಆಯ್ತು. ಮೊದಲ ದಿನ ಉರಿದಿದ್ದು ಸುಮಾರು 400 ದೀಪ. ಆದ್ರೆ ಬಿಲ್ ಮಾತ್ರ ತಕ್ಷಣ ಹೋಗಲಿಲ್ಲ. ಮೊದಲ ಬಿಲ್ ಹೋಗಿದ್ದು 1883ರ ಜನವರಿ 18ಕ್ಕೆ, ಅನ್ಸೋನಿಯಾ ಅನ್ನೋ ಹಿತ್ತಾಳೆ-ತಾಮ್ರದ ಕಂಪನಿಗೆ. ಮೊತ್ತ 50 ಡಾಲರ್ 44 ಸೆಂಟ್.

ಆ 44 ಸೆಂಟ್ ನೋಡಿ. "ಅಂದಾಜು ಐವತ್ತು ಕೊಡಿ ಸಾರ್" ಅನ್ನಲಿಲ್ಲ. ಸೆಂಟಿನ ತನಕ ಲೆಕ್ಕ ಹಾಕಿದ್ದಾರೆ. ಕಣ್ಣಿಗೆ ಕಾಣದ, ಕೈಗೆ ಸಿಗದ, ಉಗ್ರಾಣದಲ್ಲಿ ಇಡಕ್ಕಾಗದ ಸರಕಿಗೆ ಅಷ್ಟು ನಿಖರವಾದ ಲೆಕ್ಕ ಎಲ್ಲಿಂದ ಬಂತು?

(2/7)

ಮೊದಲು ಒಂದು ಸಣ್ಣ ಲೆಕ್ಕ. ಸೈನ್ಸ್ ಬಿಟ್ಟು ಬಂದೋರು ಹೆದರಬೇಡಿ, ಇದು ನಮ್ಮ ಏರಿಯಾನೇ.

ಯಶವಂತಪುರ ಮಾರ್ಕೆಟಲ್ಲಿ ಒಬ್ಬ "ಹತ್ತು ಮೂಟೆ ಈರುಳ್ಳಿ ಮಾರಿದೆ" ಅಂತಾನೆ. ಎಷ್ಟು ದುಡ್ಡು ಬಂತು? ಹೇಳಕ್ಕಾಗಲ್ಲ. ಮೂಟೆಗೆ ಎಷ್ಟು ದರ ಅಂತ ಗೊತ್ತಾಗಬೇಕು. ಪ್ರಮಾಣ × ದರ = ಮೊತ್ತ. ಇಷ್ಟೇ.

ಕರೆಂಟಲ್ಲೂ ಹಾಗೇ. ತಂತಿಯಲ್ಲಿ ಹರಿದು ಹೋದ ಒಟ್ಟು ಚಾರ್ಜ್ ಅಂದ್ರೆ ಪ್ರಮಾಣ. ಅದರ ಅಳತೆ ಕೂಲಮ್. ವೋಲ್ಟೇಜ್ ಅಂದ್ರೆ ದರ: ಒಂದೊಂದು ಕೂಲಮ್ ಚಾರ್ಜ್ ಎಷ್ಟು ಶಕ್ತಿ ಕೊಟ್ಟು ಹೋಗುತ್ತೆ ಅಂತ. ಎರಡನ್ನೂ ಗುಣಿಸಿದ್ರೆ ಮೊತ್ತ, ಅಂದ್ರೆ ಶಕ್ತಿ. ಅದರ ಅಳತೆ ಜೂಲ್.

ವೋಲ್ಟ್ × ಕೂಲಮ್ = ಜೂಲ್

1 ವೋಲ್ಟ್ ಅಂದ್ರೆ ಕೂಲಮ್‌ಗೆ 1 ಜೂಲ್. 110 ವೋಲ್ಟ್ ಅಂದ್ರೆ ಕೂಲಮ್‌ಗೆ 110 ಜೂಲ್. "ಕೆಜಿಗೆ ಇಷ್ಟು ರೂಪಾಯಿ" ಅನ್ನೋ ಥರಾನೇ. ಶಾಲೇಲಿ ಇದನ್ನ ವಿಭವಾಂತರ ಅಂತ ಕಲಿಸಿದಾಗ ತಲೆಗೆ ಹೋಗಿರಲ್ಲ ಎಷ್ಟೋ ಜನಕ್ಕೆ. "ದರ" ಅಂದಿದ್ರೆ ಅಲ್ಲೇ ಮುಗೀತಿತ್ತು.

ಇನ್ನೊಂದು ಪದ ಸಾಕು. ಚಾರ್ಜ್ ಎಷ್ಟು ವೇಗವಾಗಿ ಹರೀತಿದೆ ಅನ್ನೋದು ಆಂಪಿಯರ್, ಸೆಕೆಂಡಿಗೆ 1 ಕೂಲಮ್ ಹೋದ್ರೆ 1 ಆಂಪಿಯರ್. 1 ಆಂಪಿಯರ್ ಒಂದು ಗಂಟೆ ಹರಿದ್ರೆ 3600 ಕೂಲಮ್. ಇದನ್ನ 1 ಆಂಪಿಯರ್-ಅವರ್ ಅಂತಾರೆ. ಈ ಪದ ಮರೀಬೇಡಿ, ನಿಮ್ಮ ಬ್ಯಾಗಲ್ಲೇ ಇದೆ. ಕೊನೇ ಭಾಗದಲ್ಲಿ ತೋರಿಸ್ತೀನಿ.

(3/7)

ಈ ಗುಣಾಕಾರ ಮೊದಲು ಹುಟ್ಟಿದ್ದು ಎಲ್ಲಿ? ಒಬ್ಬ ಬಿಯರ್ ವ್ಯಾಪಾರಿಯ ಮಗನ ತಲೇಲಿ, ಅಂತ ನಾನಂತೂ ಹೇಳ್ತೀನಿ.

ಜೇಮ್ಸ್ ಪ್ರೆಸ್ಕಾಟ್ ಜೂಲ್. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನವನು, ಹುಟ್ಟಿದ್ದು 1818. ಮನೇದೇ ಬ್ರೂವರಿ. ಅದರ ಉಗಿ ಯಂತ್ರಕ್ಕೆ ಕಲ್ಲಿದ್ದಲು ಸುರೀಬೇಕು. ಆಗಷ್ಟೇ ವಿದ್ಯುತ್ ಮೋಟಾರ್ ಅನ್ನೋದು ಬಂದಿತ್ತು. ಇನ್ನೇನು ಉಗಿ ಯಂತ್ರದ ಕಾಲ ಮುಗೀತು ಅಂತ ಎಲ್ಲ ಕಡೆ ಜೋರು ಹೈಪ್. ಹುಡುಗ ಕೇಳಿದ್ದು ಪಕ್ಕಾ ಕಾಮರ್ಸ್ ಪ್ರಶ್ನೆ: ಯಾವುದು ಅಗ್ಗ?

ಆ ಕಾಲದಲ್ಲಿ ಪ್ಲಗ್ ಪಾಯಿಂಟ್ ಎಲ್ಲಿತ್ತು! ಕರೆಂಟ್ ಬೇಕಂದ್ರೆ ಬ್ಯಾಟರಿ, ಬ್ಯಾಟರಿ ಅಂದ್ರೆ ಆಸಿಡ್‌ನಲ್ಲಿ ಕರಗೋ ಸತು. ಹಾಗಾಗಿ ಸತುವೇ ಇಂಧನ. ಜೂಲ್ 1841ರ ಹೊತ್ತಿಗೆ ಲೆಕ್ಕ ಹಾಕಿ ನೋಡಿದ. ಒಂದು ಪೌಂಡ್ ಕಲ್ಲಿದ್ದಲು ಉರಿಸಿದ್ರೆ ಕಾರ್ನ್‌ವಾಲ್‌ನ ಒಳ್ಳೇ ಉಗಿ ಯಂತ್ರ ಸುಮಾರು 15 ಲಕ್ಷ ಪೌಂಡ್ ತೂಕವನ್ನ ಒಂದು ಅಡಿ ಎತ್ತುತ್ತೆ. ಒಂದು ಪೌಂಡ್ ಸತು ಕರಗಿಸಿದ್ರೆ ಅವನ ಮೋಟಾರ್ ಎತ್ತಿದ್ದು 3 ಲಕ್ಷ ಚಿಲ್ಲರೆ. ಅದೂ ಕಲ್ಲಿದ್ದಲಿಗಿಂತ ಸತು ಎಷ್ಟೋ ಪಟ್ಟು ದುಬಾರಿ. ಮೋಟಾರ್ ಪ್ಲಾನ್ ಅಲ್ಲಿಗೆ ಕ್ಯಾನ್ಸಲ್.

ಮೋಟಾರ್ ಬಿಟ್ಟ, ಲೆಕ್ಕ ಬಿಡಲಿಲ್ಲ. 1840ರ ಡಿಸೆಂಬರಲ್ಲೇ, ಇನ್ನೂ 22 ತುಂಬೋ ಹೊತ್ತಿಗೆ, ಅವನಿಗೆ ಒಂದು ನಿಯಮ ಸಿಕ್ಕಿತ್ತು. ತಂತಿಯಲ್ಲಿ ಹುಟ್ಟೋ ಶಾಖ = ಕರೆಂಟ್ × ಕರೆಂಟ್ × ತಂತಿಯ ರೆಸಿಸ್ಟೆನ್ಸ್ × ಸಮಯ. ಇದನ್ನ ನೀರಲ್ಲಿ ತಂತಿ ಮುಳುಗಿಸಿ, ನೀರು ಎಷ್ಟು ಬಿಸಿ ಆಯ್ತು ಅಂತ ಥರ್ಮಾಮೀಟರ್ ಹಿಡಿದು ಕಂಡುಕೊಂಡಿದ್ದು.

ಈಗ ಆ ಸಾಲನ್ನ ಸ್ವಲ್ಪ ಬೇರೆ ಥರ ಜೋಡಿಸಿ ನೋಡಿ. ಅದರಲ್ಲಿ ಒಂದು ಕರೆಂಟನ್ನ ಸಮಯದ ಜೊತೆ ಸೇರಿಸಿ: ಕರೆಂಟ್ × ಸಮಯ, ಅಂದ್ರೆ ಚಾರ್ಜ್. ಇನ್ನೊಂದು ಕರೆಂಟನ್ನ ರೆಸಿಸ್ಟೆನ್ಸ್ ಜೊತೆ ಸೇರಿಸಿ: ಅದು ವೋಲ್ಟೇಜ್, ಓಮ್ 1827ರಲ್ಲೇ ಹೇಳಿದ್ದ. ಏನುಳೀತು? ಚಾರ್ಜ್ × ವೋಲ್ಟೇಜ್. ಹೊಸದೇನೂ ಸೇರಿಸಲಿಲ್ಲ, ಬರೀ ಬ್ರಾಕೆಟ್ ಹಾಕಿದ್ವಿ. ಪ್ರಮಾಣ × ದರ ಅಲ್ಲೇ ಕೂತಿತ್ತು.

ಆದ್ರೆ ಅವನಿಗೆ ವೋಲ್ಟ್, ಕೂಲಮ್ ಅನ್ನೋ ಅಳತೆಗಳು ಇರಲಿಲ್ಲ. ಒಬ್ಬೊಬ್ಬ ಸಂಶೋಧಕನದು ಒಂದೊಂದು ಅಳತೆ. ಬಳ್ಳ, ಸೇರು, ಕೊಳಗ ಊರೂರಿಗೆ ಬೇರೆ ಇದ್ದ ಹಾಗೆ. ದೇಶಗಳೆಲ್ಲ ಕೂತು ವೋಲ್ಟ್, ಓಮ್, ಆಂಪಿಯರ್, ಕೂಲಮ್ ಅಂತ ಒಪ್ಪಿಕೊಂಡಿದ್ದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ. ಮರುವರ್ಷ ಆಗಸ್ಟಲ್ಲಿ, ಪರ್ಲ್ ಸ್ಟ್ರೀಟ್ ಚಾಲೂ ಆಗೋಕೆ ಕೆಲವೇ ದಿನ ಮುಂಚೆ, ವಿಲಿಯಂ ಸೀಮೆನ್ಸ್ ಇಂಗ್ಲೆಂಡಿನ ಒಂದು ಸಭೆಯಲ್ಲಿ ಶಕ್ತಿಯ ಅಳತೆಗೆ "ಜೂಲ್" ಅಂತ ಹೆಸರಿಡೋಣ ಅಂದ. ಬದುಕಿದ್ದಾಗಲೇ ಅಳತೆಗೆ ಹೆಸರಾದವನು ಜೂಲ್. 1889ರಲ್ಲಿ ಅದು ಅಧಿಕೃತ ಆಯ್ತು, ಅದೇ ವರ್ಷ ಅಕ್ಟೋಬರಲ್ಲಿ ಅವನು ತೀರಿಕೊಂಡ.

(4/7)

ವಾಪಸ್ ನ್ಯೂಯಾರ್ಕ್‌ಗೆ. ಎಡಿಸನ್‌ಗೆ ಎದುರಾಳಿ ಅಂದ್ರೆ ಗ್ಯಾಸ್ ಕಂಪನಿಗಳು. ಅಲ್ಲಿನ ಮನೆಗಳಲ್ಲಿ ಆಗ ಉರೀತಿದ್ದದ್ದು ಗ್ಯಾಸ್ ದೀಪ, ಅದಕ್ಕೆ ಮೀಟರ್ ಇತ್ತು, ಇಷ್ಟು ಘನ ಅಡಿ ಗ್ಯಾಸ್‌ಗೆ ಇಷ್ಟು ಅಂತ ಬಿಲ್. ಕರೆಂಟನ್ನೂ ಹಾಗೇ ಬಳಸಿದಷ್ಟಕ್ಕೆ ಮಾರಬೇಕು, ಇಲ್ಲಾಂದ್ರೆ ಗಿರಾಕಿ ಬರಲ್ಲ. ಆದ್ರೆ ಕರೆಂಟ್ ಮೀಟರ್ ಅನ್ನೋ ವಸ್ತು ಅಂಗಡೀಲಿ ಸಿಗ್ತಿರಲಿಲ್ಲ.

ಅವನು ಹಿಡಿದಿದ್ದು ಮೈಕೆಲ್ ಫ್ಯಾರಡೆಯ ದಾರಿ. ಫ್ಯಾರಡೆ 1833-34ರ ಹೊತ್ತಿಗೆ ತೋರಿಸಿದ್ದು ಇದು: ದ್ರಾವಣದ ಮೂಲಕ ಕರೆಂಟ್ ಹರಿಸಿದ್ರೆ ಒಂದು ಲೋಹದ ಪ್ಲೇಟು ಕರಗುತ್ತೆ, ಇನ್ನೊಂದರ ಮೇಲೆ ಲೋಹ ಕೂರುತ್ತೆ. ಎಷ್ಟು ಕೂರುತ್ತೆ ಅನ್ನೋದು ಹರಿದ ಚಾರ್ಜನ್ನ ಮಾತ್ರ ನಂಬಿಕೊಂಡಿರುತ್ತೆ. ಸತುವಿಗಾದ್ರೆ 1 ಆಂಪಿಯರ್-ಅವರ್‌ಗೆ ಸುಮಾರು 1.22 ಗ್ರಾಂ. ನಿಧಾನಕ್ಕೆ ಹರಿಸಿ, ಜೋರಾಗಿ ಹರಿಸಿ, ಲೆಕ್ಕ ಬದಲಾಗಲ್ಲ.

ನಮ್ಮ ಜಮಾ-ಖರ್ಚು ಪುಸ್ತಕ ನೆನಪಾಗ್ತಿದ್ಯಾ? ಈ ಪ್ಲೇಟಲ್ಲಿ ಎಷ್ಟು ಕಡಿಮೆ ಆಯ್ತೋ ಆ ಪ್ಲೇಟಲ್ಲಿ ಅಷ್ಟು ಜಾಸ್ತಿ. ಡಬಲ್ ಎಂಟ್ರಿಯನ್ನ ಪ್ರಕೃತಿನೇ ಬರೆದಿಟ್ಟ ಹಾಗೆ!

ಮನೆಯ ಪೂರ್ತಿ ಕರೆಂಟನ್ನ ಜಾಡಿಯೊಳಗೆ ಬಿಟ್ರೆ ಪ್ಲೇಟು ಬೇಗ ಕರಗಿ ಖಾಲಿ. ಅದಕ್ಕೆ ಹೆಚ್ಚಿನ ಪಾಲು ಪಕ್ಕದ ದಪ್ಪ ಲೋಹದ ಪಟ್ಟಿಯಲ್ಲಿ ಹೋಗೋ ಥರ ಮಾಡಿ, ಗೊತ್ತಿರೋ ಒಂದು ಸಣ್ಣ ಪಾಲನ್ನ ಮಾತ್ರ ಜಾಡಿಗೆ ಬಿಟ್ಟ. ಲೆಕ್ಕಕ್ಕೆ ಸಾವಿರದಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ.

ಈಗ ನಾವೇ ಒಂದು ಬಿಲ್ ಮಾಡೋಣ. ಮನೇಲಿ 10 ಬಲ್ಬ್, ಒಂದೊಂದು 0.75 ಆಂಪಿಯರ್ ಎಳೆಯುತ್ತೆ, ದಿನಕ್ಕೆ 5 ಗಂಟೆಯಂತೆ 30 ದಿನ ಉರಿದಿದೆ.

10 × 0.75 × 150 ಗಂಟೆ = 1125 ಆಂಪಿಯರ್-ಅವರ್. ಜಾಡಿಗೆ ಹೋಗಿದ್ದು ಅದರ ಸಾವಿರದ ಒಂದು ಪಾಲು, 1.125. ಸತು: 1.125 × 1.22 = 1.37 ಗ್ರಾಂ.

ಒಂದು ತಿಂಗಳ ಬೆಳಕೆಲ್ಲ ಸೇರಿ ಒಂದೂವರೆ ಗ್ರಾಮೂ ಇಲ್ಲ. ತೂಗುವಾಗ 14 ಮಿಲಿಗ್ರಾಂ ಹೆಚ್ಚುಕಮ್ಮಿ ಆದ್ರೆ ಬಿಲ್ಲಲ್ಲಿ ಶೇಕಡಾ 1ರಷ್ಟು ವ್ಯತ್ಯಾಸ. ತೂಗೋರ ಕೈ ನಡುಗಬಾರದು.

ಇದು ಬರೀ ಚಾರ್ಜ್, ಬರೀ ಮೂಟೆ ಎಣಿಸಿದ್ದು. ದರ ಎಲ್ಲಿ ಹೋಯ್ತು? ಎಡಿಸನ್‌ನ ವ್ಯವಸ್ಥೆಯಲ್ಲಿ ವೋಲ್ಟೇಜ್ 110ರ ಆಸುಪಾಸಲ್ಲಿ ಸ್ಥಿರ ಅಂತ ಲೆಕ್ಕ. ದರ ಫಿಕ್ಸ್ ಆಗಿದ್ರೆ ಮೂಟೆ ಎಣಿಸಿದ್ರೆ ಸಾಕಲ್ವಾ? 1125 × 110 = 1,23,750 ವಾಟ್-ಅವರ್. ಇವತ್ತಿನ ಭಾಷೇಲಿ ಸುಮಾರು 124 ಯೂನಿಟ್.

(ಚಳಿಗಾಲದಲ್ಲಿ ಜಾಡಿಯ ದ್ರಾವಣ ಹೆಪ್ಪುಗಟ್ಟೋ ಅಪಾಯ ಇತ್ತು. ಅದಕ್ಕೆ ಮೀಟರ್ ಪೆಟ್ಟಿಗೆಯೊಳಗೇ ಒಂದು ಬಲ್ಬ್. ಚಳಿ ಜಾಸ್ತಿ ಆದ್ರೆ ತಾನಾಗೇ ಹತ್ತಿಕೊಂಡು ಬೆಚ್ಚಗಿಡುತ್ತೆ. ಮರಿ ಕೋಳಿಗೆ ಬಲ್ಬ್ ಹಾಕ್ತಾರಲ್ಲ, ಹಾಗೆ.)

(5/7)

ನೀವು ಆ ಕಾಲದ ಗಿರಾಕಿ ಅಂತ ಅಂದುಕೊಳ್ಳಿ. ಗೋಡೆ ಮೇಲೆ ಒಂದು ಪೆಟ್ಟಿಗೆ. ಮುಳ್ಳಿಲ್ಲ, ಅಂಕಿ ಇಲ್ಲ. ಕಂಪನಿಯವರೇ ಬರ್ತಾರೆ, ಕಂಪನಿಯವರೇ ಒಯ್ತಾರೆ, ಕಂಪನಿಯವರೇ ತೂಗ್ತಾರೆ, ಕಂಪನಿಯವರೇ ಬಿಲ್ ಕಳಿಸ್ತಾರೆ. ನೀವು ಏನು ಚೆಕ್ ಮಾಡ್ತೀರಾ? ಮಾರೋನ ತಕ್ಕಡಿ ಗಿರಾಕಿ ಕಣ್ಣಿಗೆ ಕಾಣಬೇಕು ಅನ್ನೋದು ಸಂತೆಯ ಮೊದಲ ನಿಯಮ. ಇಲ್ಲಿ ತಕ್ಕಡಿ ಇರೋದೇ ಬೇರೆ ಬೀದೀಲಿ.

ಈ ಅನುಮಾನ ಯಾರೋ ಸಣ್ಣ ಅಂಗಡಿಯವನಿಗೆ ಮಾತ್ರ ಬಂದಿದ್ದಲ್ಲ. ಜೆ. ಪಿ. ಮಾರ್ಗನ್‌ಗೇ ಬಂತು. ಹೌದು, ಅದೇ ಬ್ಯಾಂಕರ್. ಎಡಿಸನ್ ಕಂಪನಿಗೆ ದುಡ್ಡು ಹಾಕಿದವರಲ್ಲಿ ಅವನೂ ಒಬ್ಬ, ಅವನ ವಾಲ್ ಸ್ಟ್ರೀಟ್ ಆಫೀಸು ಮೊದಲ ಗಿರಾಕಿಗಳಲ್ಲಿ ಒಂದು. ಎಡಿಸನ್‌ನ ಜೀವನಚರಿತ್ರೆಯಲ್ಲಿ ಬರೋ ಕಥೆ ಇದು. ಮೀಟರ್ ಸರಿ ಇಲ್ಲ ಅಂತ ಮಾರ್ಗನ್ ಹಟ ಹಿಡಿದ. ಸರಿ, ಪರೀಕ್ಷೆ ಮಾಡೇಬಿಡೋಣ ಅಂತ ಆಯ್ತು. ಪ್ರತಿ ದೀಪದ ಹತ್ತಿರ ಒಂದು ಕಾರ್ಡ್. ಹಚ್ಚಿದ್ದು ಎಷ್ಟು ಹೊತ್ತಿಗೆ, ಆರಿಸಿದ್ದು ಎಷ್ಟು ಹೊತ್ತಿಗೆ ಅಂತ ಬರೀಬೇಕು. ತಿಂಗಳ ಕೊನೇಲಿ ಕಾರ್ಡುಗಳನ್ನ ಕೂಡಿ, ಸತುವಿನ ತೂಕದ ಜೊತೆ ತಾಳೆ ನೋಡಬೇಕು.

ತಾಳೆ ಆಗಲಿಲ್ಲ. ಮೀಟರ್ ಜಾಸ್ತಿ ತೋರಿಸ್ತು.

ಮಾರ್ಗನ್ ಗೆದ್ದೆ ಅಂದುಕೊಂಡಿರಬೇಕು. ಆದ್ರೆ ಪರ್ಲ್ ಸ್ಟ್ರೀಟ್ ಸ್ಟೇಷನ್ ನೋಡ್ಕೊಳ್ತಿದ್ದ ಚಿನ್ನಾಕ್ ಅನ್ನೋನು ಸುಮ್ಮನಾಗದೆ ಕಟ್ಟಡವನ್ನೆಲ್ಲ ಸುತ್ತಿದ. ಕಾರಣ ಸಿಕ್ತು. ಕಟ್ಟಡ ನೋಡಿಕೊಳ್ಳೋ ಜಾನಿಟರ್ ಬಳಸ್ತಿದ್ದ ದೀಪಗಳಿಗೆ ಕಾರ್ಡೇ ಇರಲಿಲ್ಲ. ಬ್ಯಾಂಕಿನ ದೊಡ್ಡವರ ದೀಪ ಎಲ್ಲ ಲೆಕ್ಕಕ್ಕೆ ಬಂದಿತ್ತು, ಅವನ ದೀಪ ಯಾರ ತಲೆಗೂ ಹೊಳೆದಿರಲಿಲ್ಲ. ಅದನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮೀಟರ್ ಹತ್ತಿರ ಹತ್ತಿರ ಸರಿ ಬಂತು.

ಆಡಿಟಿಂಗ್ ಪಾಠದಲ್ಲಿ ಈ ಉದಾಹರಣೆ ಯಾಕಿಲ್ಲ ಅಂತ ನನಗೆ ನಿಜವಾಗ್ಲೂ ಆಶ್ಚರ್ಯ. ತಪ್ಪಿದ್ದದ್ದು ಪುಸ್ತಕದಲ್ಲಿ, ಸರಕಲ್ಲಿ ಅಲ್ಲ. ಹಾಗಂತ ಮಾರ್ಗನ್ ಕೇಳಿದ್ದು ತಪ್ಪು ಅಂತಲೂ ನಾನು ಹೇಳಲ್ಲ. ಅವನು ಮಾರ್ಗನ್ ಆಗಿದ್ದಕ್ಕೆ ಕಂಪನಿ ಇಷ್ಟೆಲ್ಲ ಓಡಾಡಿ ಸಾಬೀತು ಮಾಡ್ತು. ಮಾಮೂಲಿ ಗಿರಾಕಿ ಕೇಳಿದ್ರೆ ತಿಂಗಳುಗಟ್ಟಲೆ ಕಾರ್ಡ್ ಹಂಚ್ತಿದ್ರಾ?

(6/7)

ಈಗ ನಿಜವಾದ ತೊಂದರೆಗೆ ಬರೋಣ. ಮೂಟೆ ಮಾತ್ರ ಎಣಿಸೋ ಮೀಟರ್ ಸರಿ ಇರೋದು ದರ ಸ್ಥಿರ ಇದ್ದಾಗ ಮಾತ್ರ.

ಸ್ಟೇಷನ್‌ನಿಂದ ದೂರ ಹೋದಂಗೆ ತಂತಿಯಲ್ಲೇ ಸ್ವಲ್ಪ ವೋಲ್ಟೇಜ್ ಕರಗಿ ಹೋಗುತ್ತೆ. ಲೈನಿನ ಕೊನೇ ಮನೆಗೆ 110ರ ಬದಲು 99 ವೋಲ್ಟ್ ಮುಟ್ಟಿತು ಅಂದುಕೊಳ್ಳಿ. ಆ ಮನೆಯವರು 1000 ಆಂಪಿಯರ್-ಅವರ್ ಬಳಸಿದ್ರೆ ಸಿಕ್ಕ ಶಕ್ತಿ 99 ಯೂನಿಟ್. ಸತುವಿಗೆ ಅದು ಗೊತ್ತಾಗಲ್ಲ, ಅದು ಚಾರ್ಜ್ ಮಾತ್ರ ನೋಡುತ್ತೆ. ಬಿಲ್ ಬರೋದು 110 ಯೂನಿಟ್‌ನ ಲೆಕ್ಕದಲ್ಲಿ. 11 ಯೂನಿಟ್ ಸಿಕ್ಕೇ ಇಲ್ಲ, ದುಡ್ಡು ಹೋಯ್ತು. ಮಬ್ಬು ಬೆಳಕಲ್ಲಿ ಕೂತೋನೇ ದುಬಾರಿ ಕೊಟ್ಟ ಹಾಗಾಯ್ತು. ಎಡಿಸನ್ ಇದಕ್ಕಂತಲೇ ಬೇರೆ ತಂತಿಗಳನ್ನ ಎಳೆದು ವೋಲ್ಟೇಜ್ ಹೆಚ್ಚು ಬೀಳದ ಹಾಗೆ ನೋಡಿಕೊಂಡ, ಆದ್ರೆ ಮೀಟರ್ ಮಾತ್ರ ಅದನ್ನ ಅಳೀತಿರಲಿಲ್ಲ.

ಇಂಗ್ಲೆಂಡಲ್ಲಿ ಸರ್ಕಾರ ಇದನ್ನ ಕಾನೂನಿನ ಮಾತಲ್ಲೇ ಬರೀತು. 1882ರ ವಿದ್ಯುತ್ ದೀಪ ಕಾಯ್ದೆ ಬಂದಮೇಲೆ ಬೋರ್ಡ್ ಆಫ್ ಟ್ರೇಡ್ ಮಾರಾಟಕ್ಕೆ ಒಂದು ಅಳತೆ ನಿಗದಿ ಮಾಡ್ತು: 1 ವೋಲ್ಟ್‌ನಲ್ಲಿ 1000 ಆಂಪಿಯರ್ ಒಂದು ಗಂಟೆ ಹರಿದ್ರೆ ಅದರಲ್ಲಿರೋ ಶಕ್ತಿ ಒಂದು "ಯೂನಿಟ್". ಸರಿಯಾಗಿ ನೋಡಿ, ಅದರಲ್ಲಿ ಮೂಟೆಯೂ ಇದೆ, ದರವೂ ಇದೆ. 1000 ಆಂಪಿಯರ್-ಅವರ್ ಅಂದ್ರೆ 36 ಲಕ್ಷ ಕೂಲಮ್, ಅದನ್ನ 1 ವೋಲ್ಟ್‌ನಿಂದ ಗುಣಿಸಿದ್ರೆ 36 ಲಕ್ಷ ಜೂಲ್. ಇವತ್ತು ನಮ್ಮ ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್ ಅಂದ್ರೂ ಅದೇ 36 ಲಕ್ಷ ಜೂಲ್. ಅಜ್ಜಿಯಿಂದ ಹಿಡಿದು ಎಲ್ಲರೂ "ಈ ತಿಂಗಳು ಎಷ್ಟು ಯೂನಿಟ್ ಬಂತು" ಅಂತ ಕೇಳ್ತಾರಲ್ಲ, ಅದಕ್ಕೆ ಇಷ್ಟು ಹಳೇ ಇತಿಹಾಸ.

ಸತುವಿನ ಜಾಡಿಯನ್ನ ಕೊನೆಗೆ ಮೂಲೆಗೆ ತಳ್ಳಿದ್ದು ಎಸಿ ಕರೆಂಟ್. ಎಸಿ ಅಂದ್ರೆ ಸೆಕೆಂಡಿಗೆ ಎಷ್ಟೋ ಸಲ ದಿಕ್ಕು ಬದಲಿಸೋ ಕರೆಂಟ್. ಹೋಗುವಾಗ ಈ ಪ್ಲೇಟಿನ ಸತು ಆ ಪ್ಲೇಟಿಗೆ, ಬರುವಾಗ ಅದೇ ಸತು ವಾಪಸ್. ತಿಂಗಳ ಕೊನೇಲಿ ತೂಗಿದ್ರೆ ವ್ಯತ್ಯಾಸ ಸೊನ್ನೆ, ಬಿಲ್ ಸೊನ್ನೆ. ಗಿರಾಕಿಗೆ ಹಬ್ಬ! ವೆಸ್ಟಿಂಗ್‌ಹೌಸ್ ಕಂಪನಿಯ ಶಾಲೆನ್‌ಬರ್ಗರ್ 1888ರಲ್ಲಿ ಎಸಿಗೆ ಮೀಟರ್ ಮಾಡಿದ, ಒಂದು ದೀಪದೊಳಗೆ ಬಿದ್ದ ಸಣ್ಣ ಸ್ಪ್ರಿಂಗ್ ತಾನಾಗೇ ತಿರುಗೋದನ್ನ ನೋಡಿ ಹೊಳೆದಿದ್ದಂತೆ. ಅದಕ್ಕೆ ಮುಳ್ಳುಗಳಿದ್ವು, ಗಿರಾಕಿ ಓದಬಹುದಿತ್ತು. ಆದ್ರೆ ಅದೂ ಎಣಿಸಿದ್ದು ಆಂಪಿಯರ್-ಅವರನ್ನೇ. ಮರುವರ್ಷ, 1889ರಲ್ಲಿ, ಹಂಗೇರಿಯ ಓಟ್ಟೋ ಬ್ಲಾಥಿ ಮತ್ತು ಅಮೆರಿಕದ ಎಲಿಹೂ ಥಾಮ್ಸನ್ ತಮ್ಮ ತಮ್ಮ ಮೀಟರುಗಳನ್ನ ತಂದ್ರು. ಒಂದು ಸುರುಳಿ ಕರೆಂಟಿಗೆ, ಇನ್ನೊಂದು ಸುರುಳಿ ವೋಲ್ಟೇಜಿಗೆ. ಎರಡರ ಗುಣಲಬ್ಧ ಎಷ್ಟೋ ಅಷ್ಟು ವೇಗವಾಗಿ ಒಳಗಿನ ಚಕ್ರ ತಿರುಗುತ್ತೆ. ಗುಣಾಕಾರವನ್ನ ಕ್ಷಣಕ್ಷಣಕ್ಕೂ ಮೆಷಿನ್ನೇ ಮಾಡೋ ಹಾಗಾಯ್ತು.

ಹಳೇ ಮನೆಗಳಲ್ಲಿ ಕಪ್ಪು ಪೆಟ್ಟಿಗೆ ಮೀಟರ್ ನೋಡಿರ್ತೀರಾ, ಗಾಜಿನ ಹಿಂದೆ ಅಲ್ಯೂಮಿನಿಯಂ ಚಕ್ರ ತಿರುಗ್ತಾ ಇರುತ್ತೆ, ಅದರ ಅಂಚಲ್ಲಿ ಒಂದು ಗುರುತು. ಅದು ಬ್ಲಾಥಿಯ ಮೀಟರಿನ ವಂಶದ್ದೇ. ಗೀಸರ್ ಹಾಕಿದ ತಕ್ಷಣ ಅದು ಗಿರ್ ಅಂತ ಓಡೋದನ್ನ ನೋಡಿ ಗೀಸರ್ ಆಫ್ ಮಾಡಿದ ಅಪ್ಪಂದಿರು ಎಷ್ಟು ಜನವೋ. ಮಾರ್ಗನ್‌ಗೆ ಸಿಗದ ಸೌಕರ್ಯ.

(7/7)

ಈಗ ಬ್ಯಾಗಿಂದ ಪವರ್ ಬ್ಯಾಂಕ್ ತೆಗೀರಿ. ಹಿಂದೆ ತಿರುಗಿಸಿ. ದೊಡ್ಡ ಅಕ್ಷರದಲ್ಲಿ ಏನಿದೆ? 10000 ಎಂಎಎಚ್. ಮಿಲಿಆಂಪಿಯರ್-ಅವರ್. ಅಂದ್ರೆ 10 ಆಂಪಿಯರ್-ಅವರ್, 36,000 ಕೂಲಮ್. ಮತ್ತೆ ಬರೀ ಮೂಟೆ! ದರ ಹುಡುಕಬೇಕಂದ್ರೆ ಭೂತಗನ್ನಡಿ ಬೇಕು.

ಒಳಗಿನ ಸೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ 3.7. ಗುಣಿಸಿ: 36,000 × 3.7 = 1,33,200 ಜೂಲ್. ಇಲ್ಲಾಂದ್ರೆ ಸುಲಭವಾಗಿ 10 × 3.7 = 37 ವಾಟ್-ಅವರ್. ಇದೇ ನೀವು ದುಡ್ಡು ಕೊಟ್ಟ ನಿಜವಾದ ಸರಕು.

ಯುಎಸ್‌ಬಿಯಿಂದ ಹೊರಗೆ ಬರೋವಾಗ ಅದು 5 ವೋಲ್ಟ್ ಆಗಿರುತ್ತೆ. ದರ ಏರಿತು, ಮೊತ್ತ ಅದೇ, ಹಾಗಾದ್ರೆ ಮೂಟೆ ಕಡಿಮೆ ಆಗಲೇಬೇಕು. 37 ÷ 5 = 7.4, ಅಂದ್ರೆ 7400 ಎಂಎಎಚ್. ಅದೂ ಒಂದು ಚೂರೂ ನಷ್ಟ ಇಲ್ಲ ಅಂದ್ರೆ. ಪರಿವರ್ತನೆಯಲ್ಲಿ ಶಾಖವಾಗಿ ಹೋಗೋದು ಕಳೆದ್ರೆ ಇನ್ನೂ ಕಡಿಮೆ. "ಹತ್ತು ಸಾವಿರ ಅಂದ್ರು, ನನ್ನ 5000ದ ಫೋನು ಎರಡು ಸಲ ಫುಲ್ ಆಗ್ತಾನೇ ಇಲ್ಲ, ಮೋಸ" ಅಂತ ಗ್ರೂಪಲ್ಲಿ ಬೈಯೋರಿಗೆ ಉತ್ತರ ಈ ಭಾಗಾಕಾರದಲ್ಲೇ ಇದೆ. ಅಂಕಿ ಸುಳ್ಳಲ್ಲ. ಸೆಲ್ಲಿನ ದರದಲ್ಲಿ ಎಣಿಸಿದ ಮೂಟೆಯನ್ನ ದೊಡ್ಡದಾಗಿ ಹಾಕಿ, ಹೊರಗೆ ಸಿಗೋದನ್ನ ಇರುವೆ ಸೈಜಲ್ಲಿ ಹಾಕಿರ್ತಾರೆ ಅಷ್ಟೇ. ನನಗಂತೂ ಇದು ಪ್ರಾಮಾಣಿಕ ವ್ಯಾಪಾರ ಅನಿಸಲ್ಲ.

ಇನ್ನೊಂದು. 2700 ಎಂಎಎಚ್ ಬ್ಯಾಟರಿಯ ಲ್ಯಾಪ್‌ಟಾಪ್, 5000 ಎಂಎಎಚ್ ಬ್ಯಾಟರಿಯ ಫೋನ್. ಯಾವುದರಲ್ಲಿ ಶಕ್ತಿ ಜಾಸ್ತಿ? ಲ್ಯಾಪ್‌ಟಾಪಿನದು ನಾಲ್ಕು ಸೆಲ್ ಸಾಲಾಗಿ ಜೋಡಿಸಿ 14.8 ವೋಲ್ಟ್ ಇದ್ರೆ 2.7 × 14.8, ಸುಮಾರು 40 ವಾಟ್-ಅವರ್. ಫೋನಿನದು 3.85 ವೋಲ್ಟ್ ಇದ್ರೆ 5 × 3.85, ಸುಮಾರು 19. ಲ್ಯಾಪ್‌ಟಾಪಲ್ಲಿ ಡಬಲ್.

ಈ ಎಂಎಎಚ್ ಆಟ ನಡೆಯದ ಒಂದು ಜಾಗ ಏರ್‌ಪೋರ್ಟ್. ಬೆಂಕಿ ಹತ್ತಿದ್ರೆ ಹೊರಗೆ ಬರೋದು ಶಕ್ತಿ, ಚಾರ್ಜ್ ಅಲ್ಲ. ಅದಕ್ಕೆ ಅಲ್ಲಿನ ನಿಯಮ ಇರೋದು ವಾಟ್-ಅವರಲ್ಲಿ: 100ರ ತನಕ ಕೈಚೀಲದಲ್ಲಿ ಒಯ್ಯಬಹುದು, ಅದಕ್ಕಿಂತ ಜಾಸ್ತಿ ಇದ್ರೆ ವಿಮಾನ ಕಂಪನಿಯ ಅನುಮತಿ ಬೇಕು. 20000 ಎಂಎಎಚ್ ಅಂದ್ರೆ 20 × 3.7 = 74, ತೊಂದರೆ ಇಲ್ಲ. 30000 ಅಂದ್ರೆ 111. ಟಿಕೆಟ್ ಬುಕ್ ಮಾಡಿದೋರು ಈಗಲೇ ಗುಣಿಸಿಕೊಳ್ಳಿ.

ಅಂದಹಾಗೆ ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡ್ರೆ, ನಿಮ್ಮ 10000ದ ಪವರ್ ಬ್ಯಾಂಕಲ್ಲಿ ತುಂಬಿಕೊಂಡಿರೋ ಕರೆಂಟಿನ ಬೆಲೆ 26 ಪೈಸೆ. ಕ್ಲಾಸಲ್ಲಿ "ಮಚ್ಚಾ, ಸ್ವಲ್ಪ ಪವರ್ ಬ್ಯಾಂಕ್ ಕೊಡೋ" ಅಂದ್ರೆ ಮುಖ ತಿರುಗಿಸೋ ಫ್ರೆಂಡನ್ನ ಕಾಮೆಂಟಲ್ಲಿ ಟ್ಯಾಗ್ ಮಾಡಿ.

ಮುಂದಿನ ಸರಣಿ: 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋದ ಕಥೆ. ಅಲ್ಲೂ ವೋಲ್ಟೇಜ್ ಲೆಕ್ಕ ಇದೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು ಬನ್ನಿ.